ಗಾಲ್ಫ್ ಆಟಕ್ಕೂ ಬೇಕು ಒಂದು ಖಾತೆ ಪುಸ್ತಕ: ಹವ್ಯಾಸಿ ಆಟಗಾರರಿಗೆ ಕೆಲವು ಸಲಹೆಗಳು

ತೆರಿಗೆ, ಲೆಕ್ಕಪರಿಶೋಧನೆ, ಬ್ಯಾಂಕ್ ಸಾಲ ಮುಂತಾದ ವಿಷಯಗಳನ್ನು ಕುರಿತು ಈ ಪತ್ರಿಕೆಯಲ್ಲಿ ಬರೆಯುತ್ತ ಬಂದಿರುವ ನಾನು ಈ ತಿಂಗಳು ಗಾಲ್ಫ್ ಆಟವನ್ನು ಕುರಿತು ಬರೆಯಲು ಹೊರಟಿರುವುದು ಕೆಲವು ಸದಸ್ಯ ಮಿತ್ರರಿಗೆ ಅಚ್ಚರಿಯನ್ನುಂಟುಮಾಡಬಹುದು. ಇದಕ್ಕೆ ಕಾರಣವುಂಟು. ನಮ್ಮ ಸದಸ್ಯರಲ್ಲಿ ಹಲವರು ನಲವತ್ತೈದು, ಐವತ್ತು ವರ್ಷ ದಾಟಿದ ಮೇಲೆ ಈ ಆಟವನ್ನು ಕೈಗೆತ್ತಿಕೊಂಡಿದ್ದಾರೆ. ಕೆಲವರಿಗೆ ವೈದ್ಯರು ನಡಿಗೆಯನ್ನು ವಿಧಿಸಿದ್ದು ಕಾರಣ. ಕೆಲವರಿಗೆ ದೊಡ್ಡ ಗ್ರಾಹಕರ ಆಹ್ವಾನ ಕಾರಣ. ಎರಡು ಮೂರು ವರ್ಷ ಆಡಿದ ನಂತರ ಇವರೆಲ್ಲರದೂ ಒಂದೇ ಕೊರಗು: ‘ಹಣ ಖರ್ಚಾಯಿತು, ಭಾನುವಾರಗಳು ಕಳೆದವು, ಆಟ ಮಾತ್ರ ಇದ್ದಲ್ಲಿಯೇ ಇದೆ.’

ಇದು ನನ್ನ ಕೊರಗೂ ಆಗಿತ್ತು. ನಾನು ಗಾಲ್ಫ್ ತರಬೇತುದಾರನಲ್ಲ. ಕೋಲು ಬೀಸುವ ವಿಧಾನವನ್ನು ಕಲಿಸುವ ಅರ್ಹತೆ ನನಗಿಲ್ಲ. ಆದರೆ ನಷ್ಟದಲ್ಲಿರುವ ಒಂದು ವ್ಯವಹಾರದ ಲೆಕ್ಕವನ್ನು ಬಿಡಿಸಿ ನೋಡುವುದು ನನ್ನ ವೃತ್ತಿ. ಅದೇ ಕ್ರಮವನ್ನು ನನ್ನ ಆಟಕ್ಕೆ ಅನ್ವಯಿಸಿದಾಗ ತಿಳಿದು ಬಂದ ಸಂಗತಿಗಳನ್ನು ಇಲ್ಲಿ ನಿವೇದಿಸುತ್ತಿದ್ದೇನೆ.

ಆಟದ ಸ್ವರೂಪ

ಆಟವನ್ನು ಅರಿಯದವರಿಗಾಗಿ ಎರಡು ಮಾತು. ಸುಮಾರು 46 ಗ್ರಾಂ ತೂಕದ ಚೆಂಡನ್ನು 108 ಮಿಲಿಮೀಟರ್ ವ್ಯಾಸದ ಗುಳಿಗೆ ಆದಷ್ಟು ಕಡಿಮೆ ಹೊಡೆತಗಳಲ್ಲಿ ಸೇರಿಸುವುದೇ ಗಾಲ್ಫ್. ಒಂದು ಪೂರ್ಣ ಆಟಕ್ಕೆ 18 ಗುಳಿಗಳು. ಪ್ರತಿ ಗುಳಿಗೂ ನುರಿತ ಆಟಗಾರ ತೆಗೆದುಕೊಳ್ಳಬೇಕಾದ ಹೊಡೆತಗಳ ಸಂಖ್ಯೆಯನ್ನು ‘ಪಾರ್’ ಎನ್ನುತ್ತಾರೆ. ಬಹುತೇಕ ಮೈದಾನಗಳಲ್ಲಿ ಇದರ ಮೊತ್ತ 72. ಆರಂಭದ ಹೊಡೆತ ‘ಟೀ’ಯಿಂದ, ಗುಳಿಯ ಸುತ್ತ ನುಣ್ಣಗೆ ಕತ್ತರಿಸಿದ ಹುಲ್ಲುಹಾಸು ‘ಗ್ರೀನ್’, ಅದರ ಮೇಲೆ ಚೆಂಡನ್ನು ಉರುಳಿಸುವುದು ‘ಪಟ್’. ಚೀಲದಲ್ಲಿ 14ಕ್ಕಿಂತ ಹೆಚ್ಚು ಕೋಲುಗಳಿರುವಂತಿಲ್ಲ. ನಮ್ಮ ನಾಡಿಗೆ ಈ ಆಟ ಹೊಸದೇನಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ 1876ರಲ್ಲಿಯೇ ಆರಂಭವಾಯಿತು.

ಈ ಆಟದ ಒಂದು ವಿಶೇಷವನ್ನು ಗಮನಿಸಬೇಕು. ಸಾಮಾನ್ಯವಾಗಿ ಮೈದಾನದಲ್ಲಿ ನಮ್ಮ ಪ್ರತಿ ಹೊಡೆತವನ್ನೂ ಎಣಿಸಲು ತೀರ್ಪುಗಾರನಿರುವುದಿಲ್ಲ. ಸ್ಪರ್ಧೆಯಲ್ಲಿ ಜೊತೆಯ ಆಟಗಾರನೊಬ್ಬ ನಮ್ಮ ಅಂಕಗಳನ್ನು ಬರೆಯುತ್ತಾನಾದರೂ, ಪ್ರತಿ ಗುಳಿಯ ಅಂಕ ಸರಿಯಾಗಿದೆಯೆಂದು ಸಹಿ ಹಾಕುವ ಹೊಣೆ ಆಟಗಾರನದೇ. ಅಂದರೆ ಇಲ್ಲಿ ಲೆಕ್ಕ ಬರೆಸುವವನೂ ಲೆಕ್ಕವನ್ನು ದೃಢೀಕರಿಸುವವನೂ ಒಬ್ಬನೇ.

ನನ್ನ ಅಂಕಪಟ್ಟಿಯಲ್ಲಿ ಬಿಟ್ಟುಹೋದ ಒಂದು ಹೊಡೆತ

ಆಟವನ್ನಾರಂಭಿಸಿದ ಮೂರನೆಯ ವರ್ಷ ಒಂದು ಸ್ಥಳೀಯ ಸ್ಪರ್ಧೆಯಲ್ಲಿ ಭಾಗವಹಿಸಿದ್ದೆ. ಹದಿನಾಲ್ಕನೆಯ ಗುಳಿಯಲ್ಲಿ ನನ್ನ ಚೆಂಡು ಮರಗಳ ಕೆಳಗೆ ಹೋಗಿ ಬಿತ್ತು. ಅಲ್ಲಿ ಬಾಗಿ ನಿಂತು ಕೋಲನ್ನು ಬೀಸಿದೆ, ಚೆಂಡು ಅಲ್ಲಾಡಲಿಲ್ಲ. ಮತ್ತೊಮ್ಮೆ ಬೀಸಿ ಹೊರಗೆ ತಂದೆ. ಚೆಂಡನ್ನು ಹೊಡೆಯುವ ಉದ್ದೇಶದಿಂದ ಬೀಸಿದ ಮೇಲೆ, ತಗುಲಲಿ ಬಿಡಲಿ, ಅದು ಒಂದು ಹೊಡೆತವೇ ಸರಿ. ಯಾರೂ ನೋಡಿರಲಿಲ್ಲ. ಅಂಕ ಬರೆಯುತ್ತಿದ್ದ ಮಿತ್ರರು ‘ಎಷ್ಟು?’ ಎಂದು ಕೇಳಿದಾಗ ಏಳರ ಬದಲು ‘ಆರು’ ಎಂದೆ. ಮರೆತು ಹೇಳಿದೆನೆಂದರೆ ಅದು ಅರ್ಧ ಸತ್ಯವಷ್ಟೇ.

ನನ್ನ ವಿಭಾಗದಲ್ಲಿ ನನಗೆ ಎರಡನೆಯ ಬಹುಮಾನ ಬಂದಿತು. ನನ್ನ ಕಕ್ಷಿದಾರರಾದ ಇಬ್ಬರು ಉದ್ಯಮಿಗಳು ಅಲ್ಲಿದ್ದರು. ಅವರೂ ಚಪ್ಪಾಳೆ ತಟ್ಟಿದರು. ಬಟ್ಟಲು ನಾಲ್ಕು ದಿನ ನನ್ನ ಮನೆಯ ಗಾಜಿನ ಕಪಾಟಿನಲ್ಲಿತ್ತು. ಅದು ಲೆಕ್ಕಪರಿಶೋಧನೆಯ ವರದಿಗಳಿಗೆ ಸಹಿ ಹಾಕುವ ತಿಂಗಳು. ‘ನೈಜ ಹಾಗೂ ನ್ಯಾಯಯುತ ಚಿತ್ರಣ’ ಎಂದು ಪರರ ಲೆಕ್ಕಗಳಿಗೆ ಹಗಲೆಲ್ಲ ಸಹಿ ಮಾಡಿ ಸಂಜೆ ಮನೆಗೆ ಬಂದು ಆ ಬಟ್ಟಲನ್ನು ನೋಡುವುದು ಕಷ್ಟವಾಯಿತು. ಐದನೆಯ ದಿನ ಸಮಿತಿಯ ಮುಂದೆ ಹೋಗಿ ವಿಷಯ ತಿಳಿಸಿದೆ. ನಿಯಮದಂತೆ ನನ್ನನ್ನು ಅನರ್ಹಗೊಳಿಸಲಾಯಿತು. ಬಹುಮಾನ ಮುಂದಿನವರಿಗೆ ಸಂದಿತು.

ಇದರ ನಂತರ ನನ್ನ ಹಳೆಯ ಅಂಕಪಟ್ಟಿಗಳನ್ನೆಲ್ಲ ಹರಡಿಕೊಂಡು ಕುಳಿತೆ. ಸ್ಪರ್ಧೆಯಲ್ಲದ ಭಾನುವಾರದ ಆಟಗಳಲ್ಲಿ ಮಿತ್ರರೆಲ್ಲ ಒಪ್ಪಿ ಕೆಲವು ಹೊಡೆತಗಳನ್ನು ‘ಬಿಟ್ಟುಬಿಡುವ’ ವಾಡಿಕೆಯಿತ್ತು: ಮೊದಲ ಹೊಡೆತ ಕೆಟ್ಟರೆ ಇನ್ನೊಂದು, ಮೂರು ಅಡಿಯ ಪಟ್ ಆಡದೆಯೇ ಜಮೆ, ಮರದಡಿಯ ಎಡವಟ್ಟಿಗೆ ಕ್ಷಮೆ. ಆಗ ಹೊಳೆದ ಸಂಗತಿಯೇ ಈ ಲೇಖನದ ತಿರುಳು. ಎಲ್ಲಿ ನನ್ನ ಆಟ ಸೋರುತ್ತಿತ್ತೋ ಅದೇ ಹೊಡೆತಗಳು ನನ್ನ ಪುಸ್ತಕದಲ್ಲಿ ನಮೂದಾಗಿರಲಿಲ್ಲ. ನಮೂದಾಗದ ಕಾರಣ ಅವುಗಳನ್ನು ನಾನು ಅಭ್ಯಾಸವೂ ಮಾಡಿರಲಿಲ್ಲ. ಆ ಮೂರು ವರ್ಷಗಳಲ್ಲಿ ಎರಡು ಬಾರಿ ದುಬಾರಿ ಡ್ರೈವರ್ ಕೊಂಡಿದ್ದೆ.

ಮೊದಲ ಹೆಜ್ಜೆ: ಹೊಡೆತಗಳ ವರ್ಗೀಕರಣ

ಹತ್ತು ಆಟಗಳ ಪೂರ್ಣ ಲೆಕ್ಕವನ್ನು, ಯಾವುದನ್ನೂ ಬಿಡದೆ, ಬರೆದಿಡಿ. ಕೇವಲ ಮೊತ್ತ ಸಾಲದು. ಪ್ರತಿ ಗುಳಿಗೂ ಈ ಕೆಳಗಿನ ಐದು ಶೀರ್ಷಿಕೆಗಳಲ್ಲಿ ಟಿಪ್ಪಣಿಯಿರಲಿ.

1. ಟೀಯಿಂದ ಹೊಡೆದ ಚೆಂಡು ಆಟಕ್ಕೆ ಉಳಿಯಿತೇ, ಇಲ್ಲವೇ?
2. ದಂಡದ ಹೊಡೆತಗಳು ಎಷ್ಟು?
3. ಗ್ರೀನ್‌ನತ್ತ ಹೊಡೆದ ಚೆಂಡು ಗುರಿಗಿಂತ ಮುಂಚೆ ಬಿತ್ತೇ, ಆಚೆ ಬಿತ್ತೇ, ಎಡಕ್ಕೋ, ಬಲಕ್ಕೋ?
4. ಗ್ರೀನ್‌ನ ಅಂಚಿನಿಂದ ಅಥವಾ ಮರಳಿನ ಬಂಕರ್‌ನಿಂದ ಗ್ರೀನ್ ಸೇರಲು ಎಷ್ಟು ಹೊಡೆತ ಬೇಕಾಯಿತು?
5. ಪಟ್‌ಗಳು ಎಷ್ಟು, ಮೊದಲ ಪಟ್‌ನ ದೂರ ಎಷ್ಟು ಅಡಿ?

ನನ್ನ ಮೊದಲ ಹತ್ತು ಪ್ರಾಮಾಣಿಕ ಆಟಗಳ ಸರಾಸರಿ 104 ಹೊಡೆತಗಳು. ಇವುಗಳಲ್ಲಿ ಪಟ್‌ಗಳು 38. ಎಲ್ಲ ಶೀರ್ಷಿಕೆಗಳಿಗಿಂತಲೂ ಇದೇ ದೊಡ್ಡದಾಗಿದ್ದುದರಿಂದ ಪಟ್ ಸರಿಯಾದರೆ ಎಲ್ಲವೂ ಸರಿಯಾದೀತೆಂದು ಮೊದಲು ತೀರ್ಮಾನಿಸಿದೆ. ಅದು ಅವಸರದ ತೀರ್ಮಾನವಾಗಿತ್ತು.

ದೊಡ್ಡ ಖರ್ಚು ಬೇರೆ, ದೊಡ್ಡ ಸೋರಿಕೆ ಬೇರೆ

ಕಾರ್ಖಾನೆಯಲ್ಲಿ ಕಚ್ಚಾಮಾಲಿನ ಖರ್ಚು ಎಲ್ಲಕ್ಕಿಂತ ದೊಡ್ಡದೆಂಬ ಮಾತ್ರಕ್ಕೆ ನಷ್ಟದ ಮೂಲ ಅಲ್ಲಿಯೇ ಇದೆಯೆಂದು ಹೇಳಲಾಗದು. ವಾಸ್ತವ ವೆಚ್ಚವನ್ನು ಪ್ರಮಾಣಕ ವೆಚ್ಚದೊಡನೆ ಹೋಲಿಸಿ ವ್ಯತ್ಯಾಸ ಎಲ್ಲಿ ಹೆಚ್ಚಿದೆಯೆಂದು ನೋಡಬೇಕು. ಅಮೆರಿಕದ ಕೊಲಂಬಿಯ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಮಾರ್ಕ್ ಬ್ರಾಡಿ ಅವರು ಗಾಲ್ಫ್ ಆಟಕ್ಕೆ ಇದೇ ವಿಧಾನವನ್ನು ತಂದರು. ಪ್ರತಿಯೊಂದು ದೂರದಿಂದಲೂ ಗುಳಿ ಮುಟ್ಟಲು ಸರಾಸರಿ ಎಷ್ಟು ಹೊಡೆತ ಬೇಕೆಂಬುದನ್ನು ಸಾವಿರಾರು ಆಟಗಳ ಅಂಕಿಅಂಶಗಳಿಂದ ನಿಗದಿಪಡಿಸಿ, ಅದರೊಡನೆ ಆಟಗಾರನ ಪ್ರತಿ ಹೊಡೆತವನ್ನು ಹೋಲಿಸುವುದು ಈ ವಿಧಾನ. ಉದಾಹರಣೆಗೆ, ಎಂಟು ಅಡಿ ದೂರದ ಪಟ್‌ಗಳಲ್ಲಿ ವೃತ್ತಿಪರ ಆಟಗಾರರೂ ಸುಮಾರು ಅರ್ಧದಷ್ಟನ್ನು ಮಾತ್ರ ಒಂದೇ ಹೊಡೆತದಲ್ಲಿ ಗುಳಿಗೆ ಸೇರಿಸುತ್ತಾರೆ. ಆದ್ದರಿಂದ ಆ ದೂರದ ಪ್ರಮಾಣಕ ವೆಚ್ಚ ಒಂದೂವರೆ ಹೊಡೆತ. ಒಂದರಲ್ಲಿ ಮುಗಿಸಿದರೆ ಅರ್ಧ ಹೊಡೆತ ಲಾಭ. ಎರಡಾದರೆ ಅರ್ಧ ಹೊಡೆತ ನಷ್ಟ. ಅಮೆರಿಕದ ಪಿ.ಜಿ.ಎ. ಟೂರ್ 2011ರಲ್ಲಿ ಪಟ್‌ಗಳಿಗೆ ಈ ಲೆಕ್ಕವನ್ನು ಅಳವಡಿಸಿಕೊಂಡಿತು.

ಈ ಅಧ್ಯಯನದ ಮುಖ್ಯ ಫಲಿತಾಂಶ ಹಲವರನ್ನು ಬೆರಗುಗೊಳಿಸಿತು. ಉತ್ತಮ ಆಟಗಾರನಿಗೂ ಸಾಧಾರಣ ಆಟಗಾರನಿಗೂ ನಡುವೆ ಇರುವ ಅಂತರದ ಸುಮಾರು ಮೂರನೇ ಎರಡು ಭಾಗ ಹುಟ್ಟುವುದು ದೂರದ ಹೊಡೆತಗಳಿಂದ. ಗ್ರೀನ್‌ನ ಸುತ್ತಮುತ್ತ ಹಾಗೂ ಗ್ರೀನ್‌ನ ಮೇಲೆ ಹುಟ್ಟುವುದು ಉಳಿದ ಒಂದು ಭಾಗ ಮಾತ್ರ. ನನ್ನ ಲೆಕ್ಕವೂ ಹೀಗೆಯೇ ಇತ್ತು. ವೃತ್ತಿಪರರು ಸುಮಾರು 71 ಹೊಡೆತಗಳಲ್ಲಿ ಆಟ ಮುಗಿಸುತ್ತಾರೆ; ಅದರಲ್ಲಿ ಪಟ್‌ಗಳು ಸುಮಾರು 29. ನನ್ನ 104ಕ್ಕೂ ಅವರ 71ಕ್ಕೂ ಅಂತರ 33. ಇದರಲ್ಲಿ ಪಟ್‌ಗಳ ಪಾಲು 9. ಮಿಕ್ಕ 24 ಹೊಡೆತಗಳನ್ನು ನಾನು ಗ್ರೀನ್ ಮುಟ್ಟುವ ಮೊದಲೇ ಕಳೆದುಕೊಂಡಿದ್ದೆ.

ಹಾಗೆಂದು ಇನ್ನೂ ಬಲವಾಗಿ ಹೊಡೆಯಬೇಕೆಂದು ಭಾವಿಸಬೇಡಿ. ನಮ್ಮಂಥ ಹವ್ಯಾಸಿಗಳು ದೂರದ ಹೊಡೆತಗಳಲ್ಲಿ ಕಳೆದುಕೊಳ್ಳುವುದರಲ್ಲಿ ಬಹುಪಾಲು ದಂಡ, ಕಳೆದುಹೋದ ಚೆಂಡು ಹಾಗೂ ನೆಲಕ್ಕೆ ತಾಗಿ ಉರುಳಿದ ಅರೆಬರೆ ಹೊಡೆತಗಳ ರೂಪದಲ್ಲಿರುತ್ತದೆ.

ಟೀ ಮೇಲಿನ ಹೊಡೆತ: ಬಂಡವಾಳ ಉಳಿಯಲಿ

ಗಡಿಯಾಚೆ ಹೋದ ಅಥವಾ ಕಳೆದುಹೋದ ಚೆಂಡಿಗೆ ಒಂದು ಹೊಡೆತದ ದಂಡ ತೆತ್ತು ಮೊದಲಿನ ಸ್ಥಳದಿಂದಲೇ ಮತ್ತೆ ಹೊಡೆಯಬೇಕು. ಟೀಯಿಂದ ಹೀಗಾದರೆ ಮುಂದಿನದು ಮೂರನೆಯ ಹೊಡೆತ. ಅಂದರೆ ಅಸಲೂ ಹೋಯಿತು, ಬಡ್ಡಿಯೂ ಬಿತ್ತು. 2019ರ ನಿಯಮ ಪರಿಷ್ಕರಣೆಯ ನಂತರ ಚೆಂಡನ್ನು ಹುಡುಕಲು ಐದು ನಿಮಿಷದ ಬದಲು ಮೂರೇ ನಿಮಿಷ ಅವಕಾಶ. ಆದ್ದರಿಂದ ಸಂದೇಹವಿದ್ದಾಗ ‘ತಾತ್ಕಾಲಿಕ ಚೆಂಡು’ ಆಡುತ್ತೇನೆಂದು ಮೊದಲೇ ಘೋಷಿಸಿ ಇನ್ನೊಂದನ್ನು ಹೊಡೆದುಕೊಂಡು ಮುಂದೆ ಸಾಗುವುದು ಜಾಣತನ. ಮಾರ್ಗ ಕಿರಿದಾಗಿದ್ದಲ್ಲಿ ಡ್ರೈವರನ್ನು ಚೀಲದಲ್ಲಿಯೇ ಬಿಟ್ಟು ಚಿಕ್ಕ ಕೋಲನ್ನು ಹಿಡಿಯಿರಿ. ಮೂವತ್ತು ಗಜ ಕಡಿಮೆಯಾದರೂ ಎರಡು ಹೊಡೆತ ಉಳಿಯುತ್ತವೆ.

ಬಲಗೈ ಆಟಗಾರರ ಚೆಂಡು ಬಲಕ್ಕೆ ಬಾಗಿ ಹೋಗುವುದು, ಅಂದರೆ ‘ಸ್ಲೈಸ್’, ಹವ್ಯಾಸಿಗಳ ಸಾರ್ವತ್ರಿಕ ವ್ಯಾಧಿ. ಚೆಂಡು ಯಾವ ದಿಕ್ಕಿಗೆ ಹೊರಡುವುದೆಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ತಾಗುವ ಕ್ಷಣದಲ್ಲಿ ಕೋಲಿನ ಮುಖ ಎತ್ತ ತಿರುಗಿದೆ ಎಂಬುದು. ಬೀಸಿನ ಮಾರ್ಗಕ್ಕಿಂತ ಮುಖ ಬಲಕ್ಕೆ ತೆರೆದಿದ್ದರೆ ಚೆಂಡು ಬಲಕ್ಕೆ ಬಾಗುತ್ತದೆ. ಇದನ್ನರಿಯದೆ ನಾವು ಎಡಕ್ಕೆ ಗುರಿಯಿಟ್ಟು ನಿಲ್ಲುತ್ತೇವೆ. ಬೀಸು ಇನ್ನಷ್ಟು ಎಡಕ್ಕೆ ತಿರುಗಿ ಚೆಂಡು ಮತ್ತಷ್ಟು ಬಾಗುತ್ತದೆ. ಮೊದಲು ಪರೀಕ್ಷಿಸಬೇಕಾದ್ದು ಹಿಡಿತ. ಚೆಂಡಿನ ಮುಂದೆ ನಿಂತು ಕೆಳಗೆ ನೋಡಿದಾಗ ಎಡಗೈಯ ಎರಡು ಗೆಣ್ಣುಗಳಾದರೂ ಕಾಣಬೇಕು. ಬಿಗಿ ಹಿಡಿತ ಬೇಡ. ಮುಂಗೈ ಸೆಟೆದುಕೊಂಡರೆ ಕೋಲಿನ ಮುಖ ಸಕಾಲಕ್ಕೆ ತಿರುಗದು.

ಗ್ರೀನ್‌ನತ್ತ: ನಿಮ್ಮ ನಿಜವಾದ ದೂರವನ್ನು ಅರಿಯಿರಿ

‘ನನ್ನ ಏಳನೆಯ ಐರನ್ 150 ಗಜ ಹೋಗುತ್ತದೆ’ ಎಂದು ನಾವು ಹೇಳುವುದು ಎಂದೋ ಒಮ್ಮೆ ಹೋದದ್ದರ ಆಧಾರದ ಮೇಲೆ. ವರ್ಷದ ಅತ್ಯುತ್ತಮ ತಿಂಗಳ ಮಾರಾಟವನ್ನು ಹನ್ನೆರಡರಿಂದ ಗುಣಿಸಿ ಬ್ಯಾಂಕಿಗೆ ತೋರಿಸಿದಂತೆ ಇದು. ಅಭ್ಯಾಸದ ಅಂಗಳದಲ್ಲಿ ಪ್ರತಿ ಕೋಲಿನಿಂದಲೂ ಹತ್ತು ಚೆಂಡು ಹೊಡೆದು, ಅತಿ ಉದ್ದದ್ದನ್ನೂ ಅತಿ ಕೆಟ್ಟದ್ದನ್ನೂ ಬಿಟ್ಟು ಸರಾಸರಿ ತೆಗೆಯಿರಿ. ಹವ್ಯಾಸಿಗಳ ಚೆಂಡು ಗುರಿಯಾಚೆಗಿಂತ ಗುರಿಗೆ ಮೊದಲೇ ಬೀಳುವುದು ಹೆಚ್ಚು. ಮೈದಾನಗಳಲ್ಲಿ ಬಂಕರ್‌ಗಳೂ ನೀರಿನ ಹೊಂಡಗಳೂ ಬಹಳ ಮಟ್ಟಿಗೆ ಗ್ರೀನ್‌ನ ಮುಂಭಾಗದಲ್ಲಿಯೇ ಇರುತ್ತವೆ. ಆದ್ದರಿಂದ ಸಂದೇಹ ಬಂದಾಗ ಒಂದು ಕೋಲು ಹೆಚ್ಚಿನದನ್ನೇ ತೆಗೆದುಕೊಂಡು ಬಾವುಟಕ್ಕಲ್ಲ, ಗ್ರೀನ್‌ನ ಮಧ್ಯಕ್ಕೆ ಗುರಿಯಿಡಿ.

ನಮ್ಮ ರಾಜ್ಯದ ಆಟಗಾರರು ಇನ್ನೊಂದು ಅಂಶವನ್ನು ನೆನಪಿಡಬೇಕು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಅಲ್ಲಿನ ತೆಳುವಾದ ಗಾಳಿಯಲ್ಲಿ ಚೆಂಡು ಕರಾವಳಿಗಿಂತ ಶೇಕಡಾ ಮೂರು ನಾಲ್ಕರಷ್ಟು ಹೆಚ್ಚು ದೂರ ಹೋಗುತ್ತದೆ. ಬೆಂಗಳೂರಿನಲ್ಲಿ 150 ಗಜ ಹೋಗುವ ಹೊಡೆತ ಮಂಗಳೂರಿನ ಬಳಿಯ ಪಿಲಿಕುಳದಲ್ಲಿ 145 ಗಜಕ್ಕೇ ನಿಂತರೆ ಅದು ನಿಮ್ಮ ದೋಷವಲ್ಲ.

ಮರದಡಿಯಲ್ಲಿ ಸಿಕ್ಕಿಕೊಂಡಾಗ ಕೊಂಬೆಗಳ ನಡುವಣ ಕಿಂಡಿಯಿಂದ ಗ್ರೀನ್‌ಗೆ ಹೊಡೆಯುವ ಆಸೆ ಹುಟ್ಟುತ್ತದೆ. ಇದು ಕೆಟ್ಟ ಸಾಲದ ಹಿಂದೆ ಒಳ್ಳೆಯ ಹಣ ಸುರಿಯುವ ಆಸೆ. ಚೆಂಡನ್ನು ಪಕ್ಕದಿಂದ ಬಯಲಿಗೆ ತಂದುಬಿಡಿ. ಒಂದು ಹೊಡೆತದ ನಷ್ಟವನ್ನು ಒಪ್ಪಿಕೊಂಡರೆ ಮೂರರ ನಷ್ಟ ತಪ್ಪುತ್ತದೆ.

ಗ್ರೀನ್‌ನ ಅಂಚು ಮತ್ತು ಮರಳು

ಗ್ರೀನ್‌ನ ಅಂಚಿನಲ್ಲಿ ನಿಂತಾಗ ಪಾಲಿಸಬೇಕಾದ ಕ್ರಮ ಸರಳ: ಪಟ್ಟರ್‌ನಿಂದ ಉರುಳಿಸಲು ಸಾಧ್ಯವಿದ್ದರೆ ಉರುಳಿಸಿ, ಇಲ್ಲವಾದರೆ ತಗ್ಗಾಗಿ ಹಾರಿಸಿ ಉರುಳಲು ಬಿಡಿ, ಬೇರೆ ದಾರಿಯೇ ಇಲ್ಲದಿದ್ದಾಗ ಮಾತ್ರ ಎತ್ತರಕ್ಕೆ ಹಾರಿಸಿ. ಬಂಕರ್‌ನಲ್ಲಿ ಚೆಂಡನ್ನು ನೇರವಾಗಿ ಹೊಡೆಯಬಾರದು. ಕೋಲಿನ ಮುಖವನ್ನು ಸ್ವಲ್ಪ ತೆರೆದು, ಚೆಂಡಿಗಿಂತ ಸುಮಾರು ಎರಡು ಅಂಗುಲ ಹಿಂದಿನ ಮರಳಿಗೆ ಹೊಡೆದು, ಬೀಸನ್ನು ಪೂರ್ಣಗೊಳಿಸಬೇಕು. ಮರಳೇ ಚೆಂಡನ್ನು ಎತ್ತಿ ಹೊರಗೆ ಹಾಕುತ್ತದೆ. ಹೆದರಿ ನಡುವೆ ಕೈ ತಡೆದರೆ ಚೆಂಡು ಅಲ್ಲಿಯೇ ಉಳಿಯುತ್ತದೆ.

ಪಟ್: ದೂರದ ಅಂದಾಜು ಮೊದಲು

ಒಂದು ಗ್ರೀನ್‌ನಲ್ಲಿ ಮೂರು ಪಟ್ ಆಗುವುದಕ್ಕೆ ಮುಖ್ಯ ಕಾರಣ ದಿಕ್ಕು ತಪ್ಪುವುದಲ್ಲ, ಮೊದಲ ಪಟ್‌ನ ದೂರ ತಪ್ಪುವುದು. ಮೂವತ್ತು ಅಡಿಯಿಂದ ದಿಕ್ಕು ತಪ್ಪಿ ಎರಡು ಅಡಿ ಪಕ್ಕಕ್ಕೆ ಹೋಗಬಹುದು. ಬಲ ತಪ್ಪಿದರೆ ಎಂಟು ಅಡಿ ಹಿಂದೆಯೇ ನಿಲ್ಲಬಹುದು. ಆದ್ದರಿಂದ ದೂರದಿಂದ ಬಲದ ಅಭ್ಯಾಸ, ಮೂರು ನಾಲ್ಕು ಅಡಿಯಿಂದ ದಿಕ್ಕಿನ ಅಭ್ಯಾಸ ಮಾಡಬೇಕು.

ನಮ್ಮ ಉಷ್ಣ ಪ್ರದೇಶದ ಗ್ರೀನ್‌ಗಳಲ್ಲಿ ಬಹುವಾಗಿ ಬೆಳೆಸುವುದು ಬರ್ಮುಡಾ ಜಾತಿಯ ಹುಲ್ಲು. ಹೆಸರು ವಿದೇಶಿಯಾದರೂ ಇದು ಗಣಪತಿಗೆ ಏರಿಸುವ ನಮ್ಮ ಗರಿಕೆಯ ಕುಲವೇ. ಗರಿಕೆಯಂತೆ ಇದೂ ಒಂದು ದಿಕ್ಕಿಗೆ ಮಲಗಿ ಬೆಳೆಯುತ್ತದೆ. ಗುಳಿಯತ್ತ ನೋಡಿದಾಗ ಹುಲ್ಲು ಹೊಳಪಾಗಿ ಕಂಡರೆ ಅದು ನಿಮ್ಮಿಂದ ಆಚೆಗೆ ಮಲಗಿದೆ, ಚೆಂಡು ವೇಗವಾಗಿ ಓಡುತ್ತದೆ. ಮಂಕಾಗಿ ಕಂಡರೆ ಎದುರು ಮಲಗಿದೆ, ಸ್ವಲ್ಪ ಹೆಚ್ಚು ಬಲ ಬೇಕು. ಸ್ಥಳೀಯ ಕ್ಯಾಡಿಗೆ ಇದು ಕಣ್ಣುಮುಚ್ಚಿದರೂ ಗೊತ್ತು. ಅವರ ಮಾತಿಗೆ ಕಿವಿಗೊಡಿ.

ಅಭ್ಯಾಸದ ಆಯವ್ಯಯ

ವಾರದಲ್ಲಿ ಎರಡು ಗಂಟೆ ದೊರೆಯುವ ವ್ಯಾಪಾರಿಗೆ ನನ್ನ ಸಲಹೆ ಹೀಗಿದೆ. ನಲವತ್ತು ನಿಮಿಷ ಐರನ್‌ಗಳಿಗೆ, ಇಪ್ಪತ್ತು ನಿಮಿಷ ಟೀ ಹೊಡೆತಕ್ಕೆ, ಮೂವತ್ತು ನಿಮಿಷ ಗ್ರೀನ್‌ನ ಅಂಚು ಹಾಗೂ ಬಂಕರ್‌ಗೆ, ಮೂವತ್ತು ನಿಮಿಷ ಪಟ್‌ಗೆ. ಹತ್ತು ಆಟಗಳಿಗೊಮ್ಮೆ ನಿಮ್ಮ ಪುಸ್ತಕವನ್ನು ನೋಡಿ ಈ ಹಂಚಿಕೆಯನ್ನು ಬದಲಿಸಿಕೊಳ್ಳಿ. ಹೊಸ ಕೋಲು ಕೊಳ್ಳುವ ಮುನ್ನ ಆ ಹಣದ ಒಂದು ಭಾಗವನ್ನು ಅರ್ಹ ತರಬೇತುದಾರರ ಐದಾರು ಪಾಠಗಳಿಗೆ ವಿನಿಯೋಗಿಸಿ. ಪುಸ್ತಕವನ್ನು ಅವರ ಮುಂದಿಡಿ. ಇವು ಸ್ವಂತ ಖರ್ಚುಗಳೆಂಬುದನ್ನೂ ಮರೆಯಬೇಡಿ. ಕ್ಲಬ್ ಸದಸ್ಯತ್ವದ ಮೇಲೆ ತೆತ್ತ ಜಿ.ಎಸ್.ಟಿ.ಗೆ ಹೂಡುವಳಿ ತೆರಿಗೆ ಜಮೆ ದೊರೆಯುವುದಿಲ್ಲ. ಗಾಲ್ಫ್ ಚೀಲವನ್ನು ಸಂಸ್ಥೆಯ ಖಾತೆಗೆ ಹಾಕಿ ನನ್ನ ಬಳಿ ತರಬೇಡಿ.

ಆಡುವ ಮುನ್ನ ಹತ್ತು ನಿಮಿಷ ಬೆನ್ನು, ಭುಜಗಳನ್ನು ಸಡಿಲಿಸಿಕೊಳ್ಳುವುದು ಐವತ್ತು ದಾಟಿದವರಿಗೆ ಅವಶ್ಯ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗು ಕೇಳಿದೊಡನೆ ಆಟ ನಿಲ್ಲಿಸಿ ಕಟ್ಟಡದೊಳಗೆ ಬನ್ನಿ. ಬಯಲಿನಲ್ಲಿ ಲೋಹದ ಕೋಲು ಹಿಡಿದು ನಿಲ್ಲುವುದಾಗಲಿ, ಮರದಡಿ ಆಶ್ರಯ ಪಡೆಯುವುದಾಗಲಿ ಸಲ್ಲದು.

ಹ್ಯಾಂಡಿಕ್ಯಾಪ್ ಎಂದರೆ ಸರಾಸರಿಯಲ್ಲ

ಬೇರೆ ಬೇರೆ ಮಟ್ಟದ ಆಟಗಾರರು ಒಟ್ಟಿಗೆ ಸ್ಪರ್ಧಿಸಲು ದುರ್ಬಲನಿಗೆ ಕೊಡುವ ರಿಯಾಯಿತಿಯೇ ಹ್ಯಾಂಡಿಕ್ಯಾಪ್. 2020ರಲ್ಲಿ ಜಾರಿಗೆ ಬಂದ ವಿಶ್ವ ಹ್ಯಾಂಡಿಕ್ಯಾಪ್ ಪದ್ಧತಿಯಲ್ಲಿ ಇತ್ತೀಚಿನ 20 ಆಟಗಳ ಪೈಕಿ ಅತ್ಯುತ್ತಮವಾದ 8ರ ಸರಾಸರಿಯಿಂದ ಇದನ್ನು ನಿಗದಿಪಡಿಸುತ್ತಾರೆ. ಗರಿಷ್ಠ ಮಿತಿ 54. ಅಂದರೆ ಇದು ನಮ್ಮ ಒಳ್ಳೆಯ ದಿನಗಳ ಅಳತೆ. ಪ್ರತಿ ಭಾನುವಾರವೂ ಆ ಮಟ್ಟಕ್ಕೆ ಆಡಲಾಗಲಿಲ್ಲವೆಂದು ಕೊರಗುವುದು ಲೆಕ್ಕವನ್ನು ತಪ್ಪಾಗಿ ಓದಿದಂತೆ. ಅಂಕಗಳನ್ನು ಕಡಿಮೆ ಮಾಡಿ ಬರೆದರೆ ಹ್ಯಾಂಡಿಕ್ಯಾಪ್ ಇಳಿದು ಸ್ಪರ್ಧೆಯಲ್ಲಿ ನಾವೇ ಸೋಲುತ್ತೇವೆ. ಹೆಚ್ಚು ಮಾಡಿ ಬರೆದರೆ ಇತರರನ್ನು ವಂಚಿಸುತ್ತೇವೆ.

ಒಂದು ಹೊಡೆತದ ಬೆಲೆ

ಒಂದೇ ಹೊಡೆತಕ್ಕೆ ಇಷ್ಟೆಲ್ಲ ಏಕೆ ಎಂದು ಕೇಳುವವರಿಗೆ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರ ಉದಾಹರಣೆ ಸಾಕು. 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ, ತಾಯಿಯೇ ಕ್ಯಾಡಿಯಾಗಿ ಜೊತೆಗಿರಲು, ಅವರು ನಾಲ್ಕು ದಿನಗಳಲ್ಲಿ 269 ಹೊಡೆತಗಳಲ್ಲಿ ಆಟ ಮುಗಿಸಿ ನಾಲ್ಕನೆಯವರಾದರು. ಬೆಳ್ಳಿ ಮತ್ತು ಕಂಚು ಪಡೆದವರ ಅಂಕ 268. ಆ ಸ್ಪರ್ಧೆಯಲ್ಲಿ ಟೀಯಿಂದ ಅತಿ ಕಡಿಮೆ ದೂರ ಹೊಡೆಯುತ್ತಿದ್ದವರ ಸಾಲಿನಲ್ಲಿ ಅವರಿದ್ದರು. ಚೆಂಡನ್ನು ಆಟದಲ್ಲಿ ಉಳಿಸಿಕೊಂಡು, ಪಟ್ಟರ್‌ನ ಬಲದಿಂದಲೇ ಅಷ್ಟು ಎತ್ತರಕ್ಕೆ ಏರಿದರು. ಬಲವಿಲ್ಲದವರಿಗೂ ಈ ಆಟದಲ್ಲಿ ಸ್ಥಾನವಿದೆಯೆಂಬುದಕ್ಕೂ, ಒಂದೊಂದು ಹೊಡೆತಕ್ಕೂ ಬೆಲೆಯಿದೆಯೆಂಬುದಕ್ಕೂ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಪುಸ್ತಕ ಬರೆಯಲಾರಂಭಿಸಿದ ಎರಡು ವರ್ಷಗಳಲ್ಲಿ ನನ್ನ ಸರಾಸರಿ 104ರಿಂದ 93ಕ್ಕೆ ಇಳಿಯಿತು. ನನ್ನ ತೋಳಿನ ಬಲ ಹೆಚ್ಚಲಿಲ್ಲ; ಹಳೆಯ ಡ್ರೈವರ್ ಈಗಲೂ ಚೀಲದಲ್ಲಿದೆ. ನಮ್ಮ ಭಾನುವಾರದ ನಾಲ್ವರ ಗುಂಪಿನಲ್ಲಿ ಈಗ ಮೂರು ಅಡಿಯ ಪಟ್‌ನ್ನು ಯಾರೂ ಬಿಟ್ಟುಕೊಡುವುದಿಲ್ಲ, ಯಾರೂ ಕೇಳುವುದಿಲ್ಲ. ಕಳೆದ ತಿಂಗಳು ಅಂಥದೊಂದನ್ನು ನಾನು ತಪ್ಪಿಸಿದೆ. ಅಂಕ ಬರೆಯುತ್ತಿದ್ದ ಜವಳಿ ವ್ಯಾಪಾರಿ ಮಿತ್ರರು ‘ಎಷ್ಟು?’ ಎಂದು ಕೇಳಿದರು. ‘ಏಳು’ ಎಂದೆ.